ಸರಪಳಿ ವ್ಯಾಪಾರದ ಲೆಕ್ಕ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಬಲ್ಲವರು ಮಾಡುತ್ತ ಬಂದಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಮುಗಿಸಿ ಕೌಂಟರಿನ ಹಿಂದೆ ಕುಳಿತವರು. ನಮಗೆ ತಿಳಿದ ವಿದ್ಯೆ ಜಮಾ-ಖರ್ಚಿನದು. ಕಾರ್ಯದರ್ಶಿಗಳು "ಸಂಸಾರಸ್ಥರಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಿರಿ" ಎಂದು ಅಪ್ಪಣೆ ಮಾಡಿದಾಗ, ಒಂದು ಲೆಕ್ಕವನ್ನೇ ತಮ್ಮ ಮುಂದಿಡುವುದು ಲೇಸೆಂದು ತೋರಿತು. ಇದು ಸರಪಳಿ ವ್ಯಾಪಾರದ ಲೆಕ್ಕ. ನೆಟ್‌ವರ್ಕ್ ಮಾರ್ಕೆಟಿಂಗ್ ಎಂದರೆ ತಮಗೆಲ್ಲ ಬೇಗ ತಿಳಿದೀತು. ಈ ಲೆಕ್ಕವನ್ನು ನಾವು ಪುಸ್ತಕದಿಂದ ಕಲಿತವರಲ್ಲ, ಪೆಟ್ಟು ತಿಂದು ಕಲಿತವರು ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ತಮ್ಮಲ್ಲಿ ಅನೇಕರ ಮೊಬೈಲಿಗೆ ಇಂಥ ಸಂದೇಶ ಬಂದಿರಬಹುದು: "ಮನೆಯಲ್ಲಿಯೇ ಕುಳಿತು ದಿನಕ್ಕೆ ಎರಡು ತಾಸು ದುಡಿದರೆ ಸಾಕು, ತಿಂಗಳಿಗೆ ಐವತ್ತು ಸಾವಿರ." ಕಳುಹಿಸಿದವನು ಅಪರಿಚಿತನಾಗಿದ್ದರೆ ನಾವು ಓದದೆಯೇ ಅಳಿಸಿಬಿಡುತ್ತೇವೆ. ಆದರೆ ಕಳುಹಿಸಿದವನು ನಮ್ಮ ತಾಲ್ಲೂಕಿನವನು, ನಮ್ಮ ಓಣಿಯವನು, ಕಳೆದ ವರ್ಷ ಇದೇ ವೇದಿಕೆಯ ಮೇಲೆ ನಮ್ಮ ಮಕ್ಕಳೊಡನೆ ನಾಟಕವಾಡಿದವನು. ಆಗ ಅಳಿಸಲು ಕೈ ಬರುವುದಿಲ್ಲ. ಈ ವ್ಯಾಪಾರದ ಬಲವೆಲ್ಲ ಇರುವುದು ಇಲ್ಲಿಯೇ.

ಭೋಸರಿಯಲ್ಲಿ ನೆಲೆಸಿರುವ ನಾವೆಲ್ಲರೂ ಬಹುಮಟ್ಟಿಗೆ ಕಲಬುರಗಿ, ವಿಜಯಪುರ, ಬೀದರ, ಬೆಳಗಾವಿಗಳ ಕಡೆಯಿಂದ ಅನ್ನವನ್ನರಸಿ ಬಂದವರು. ಎಂ.ಐ.ಡಿ.ಸಿ.ಯ ಶೆಡ್ಡುಗಳಲ್ಲಿ ಲೇಥಿನ ಮುಂದೆ ನಿಲ್ಲುವವರು, ಗವಂಡಿ ಕೆಲಸದವರು, ರಿಕ್ಷಾ ಓಡಿಸುವವರು, ನಮ್ಮಂಥ ಗುಮಾಸ್ತರು. ಇಲ್ಲಿ ನಮಗೆ ಹೊಲವಿಲ್ಲ, ಅಜ್ಜನ ಕಾಲದ ಮನೆಯಿಲ್ಲ. ಪರಸ್ಥಳದಲ್ಲಿ ನಾವು ಕಟ್ಟಿಕೊಂಡಿರುವ ಆಸ್ತಿ ಒಂದೇ: ಒಬ್ಬರ ಮಾತನ್ನು ಒಬ್ಬರು ನಂಬುವುದು. ಮಗಳ ಮದುವೆಗೆ ಸಾಲ, ಆಸ್ಪತ್ರೆಯಲ್ಲಿ ರಾತ್ರಿ ಕಾಯುವುದು, ಊರಿನಿಂದ ಬಂದ ಹುಡುಗನಿಗೆ ಮೊದಲ ನೌಕರಿ, ಎಲ್ಲವೂ ಈ ನಂಬಿಕೆಯ ಮೇಲೆ ನಡೆದಿದೆ. ಸರಪಳಿ ವ್ಯಾಪಾರದವನು ನಮ್ಮ ಬಳಿ ಬರುವುದು ನಮ್ಮ ಹಣಕ್ಕಾಗಿ ಎಂದು ತಿಳಿಯಬೇಡಿರಿ. ಹಣ ನಮ್ಮಲ್ಲಿ ಎಷ್ಟಿದೆ? ಅವನು ಬರುವುದು ಈ ನಂಬಿಕೆಗಾಗಿ.

ನಮ್ಮ ಕಥೆಯನ್ನು ಚಿಕ್ಕದಾಗಿ ಹೇಳುತ್ತೇವೆ. ಅದು 2020ನೆಯ ಇಸವಿ. ಲಾಕ್‌ಡೌನಿನಿಂದ ಎಂ.ಐ.ಡಿ.ಸಿ.ಯ ಯಂತ್ರಗಳೆಲ್ಲ ನಿಂತುಹೋಗಿದ್ದವು. ನಮ್ಮ ಸಂಬಳವೇನೋ ನಿಲ್ಲಲಿಲ್ಲ. ಆದರೆ ಮನೆಸಾಲದ ಕಂತು ಕತ್ತಿಗೆ ಕುಳಿತಿತ್ತು. ಹಳೆಯ ಸಹಪಾಠಿಯೊಬ್ಬರು ಫೋನಿನಲ್ಲಿಯೇ ಒಂದು ಸಭೆಗೆ ಕರೆದರು. ಕೋಟು ಧರಿಸಿದವರೊಬ್ಬರು ಸೊಗಸಾಗಿ ಮಾತನಾಡಿದರು. ಕಂಪನಿಯ ಹೆಸರು ಇಲ್ಲಿ ಬೇಡ. ಆರೋಗ್ಯದ ಪುಡಿಯ ಡಬ್ಬಿಗಳ ಒಂದು ಕಟ್ಟಿಗೆ 12,500 ರೂಪಾಯಿ, ಕೊಂಡವನು ಸದಸ್ಯ, ಅವನು ಹೊಸಬನೊಬ್ಬನನ್ನು ಸೇರಿಸಿದರೆ 1,500 ರೂಪಾಯಿ, ಒಬ್ಬೊಬ್ಬರು ಆರಾರು ಮಂದಿಯನ್ನು ಸೇರಿಸುತ್ತ ಹೋದರೆ ಮುಂದೆ ಕುಳಿತು ಉಣ್ಣಬಹುದು. ನಾವು ಸೇರಿದೆವು. ಮೂರು ತಿಂಗಳಲ್ಲಿ ಮೂವರನ್ನು ಸೇರಿಸಿದೆವು. ನಮ್ಮ ಖಾತೆಗೆ 4,500 ರೂಪಾಯಿ ಬಂದಿತು. ಬಂದದ್ದು ನಿಜವಾದ ಹಣ. ಅದನ್ನೇ ಪಾಸ್‌ಬುಕ್ಕಿನಲ್ಲಿ ಎಲ್ಲರಿಗೂ ತೋರಿಸಿದೆವು.

ಆ ಮೂವರಲ್ಲಿ ಒಬ್ಬರು ನಮ್ಮೂರ ಕಡೆಯವರು, ಲೇಥಿನ ಕೆಲಸದವರು, ನಮಗಿಂತ ಇಪ್ಪತ್ತು ವರ್ಷ ಹಿರಿಯರು. ನಾವು ಅವರನ್ನು ಕಾಕಾ ಎನ್ನುತ್ತೇವೆ. ಯೋಜನೆಯ ಕಾಗದವನ್ನು ಅವರ ಮುಂದೆ ಹರಡಿದಾಗ ಅವರು ಅದನ್ನು ನೋಡಲೇ ಇಲ್ಲ. "ನೀ ಬ್ಯಾಂಕಿನ್ಯಾಗ ಇದ್ದೀ ತಮ್ಮಾ. ನೀ ಹೇಳಿದ ಮ್ಯಾಲ ನಾ ಇನ್ಯಾರನ್ನ ಕೇಳಲಿ?" ಎಂದರು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ಕಾಲ. ಕಾಕಿಯ ಬೋರಮಾಳವನ್ನು ಗಿರವಿ ಇಟ್ಟು ಹಣ ತಂದರು. ಐದನೆಯ ತಿಂಗಳಲ್ಲಿ ಕಂಪನಿಯ ಆ್ಯಪು ತೆರೆಯಲಿಲ್ಲ. ಆರನೆಯ ತಿಂಗಳಲ್ಲಿ ಕೋಟಿನವರ ಫೋನು ಹೋಗಲಿಲ್ಲ. ನಮ್ಮ ಸಹಪಾಠಿಯೂ ನಮ್ಮ ಹಾಗೆಯೇ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

ಮೂವರ ಹಣ ಒಟ್ಟು 37,500 ರೂಪಾಯಿ. ತಿಂಗಳಿಗೆ 2,500ರಂತೆ ಹದಿನೈದು ಕಂತುಗಳಲ್ಲಿ ನಾವು ಅದನ್ನು ಹಿಂದಿರುಗಿಸಿದೆವು. ನಮ್ಮ ಮನೆಯಾಕೆ ಈ ವಿಷಯದಲ್ಲಿ ನಮಗಿಂತ ಗಟ್ಟಿಯಾಗಿ ನಿಂತರು. ಬೋರಮಾಳ ಬಿಡಿಸಿಕೊಂಡದ್ದಾಯಿತು. ಆದರೆ ಪ್ರತಿ ಸಂಕ್ರಾಂತಿಗೆ ಕಾಕಾ ಅವರ ಮನೆಯಿಂದ ನಮ್ಮ ಮನೆಗೆ ಬರುತ್ತಿದ್ದ ಸಜ್ಜಿ ರೊಟ್ಟಿ ಆ ವರ್ಷದಿಂದ ಬರಲಿಲ್ಲ. ಅದಕ್ಕೆ ಯಾವ ಕಂತು ಕಟ್ಟಬೇಕೆಂದು ನಮಗೆ ಇಂದಿಗೂ ತಿಳಿದಿಲ್ಲ.

ನಾವು ಎಲ್ಲಿ ತಪ್ಪಿದೆವು? "ಹಣ ಬಂದಿತೇ?" ಎಂದು ಕೇಳಿದೆವು. ಬಂದಿತು. "ಹಣ ಎಲ್ಲಿಂದ ಬಂದಿತು?" ಎಂದು ಕೇಳಲಿಲ್ಲ. ಮೋಸವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವ ಪ್ರಶ್ನೆ ಈ ಎರಡನೆಯದು. ಉಳಿದುದೆಲ್ಲ ಅದರ ಶಾಖೆಗಳು.

ಒಂದು ಉದಾಹರಣೆ ಹೇಳುತ್ತೇವೆ. ನಮ್ಮ ಓಣಿಯಲ್ಲಿ ಒಬ್ಬ ತಾಯಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಒಂಟಿಯಾಗಿರುವ ಹುಡುಗರು ಕೊಳ್ಳುತ್ತಾರೆ, ತಿನ್ನುತ್ತಾರೆ, ನಾಳೆ ಮತ್ತೆ ಬರುತ್ತಾರೆ. ಆ ಹುಡುಗರು ತಾವೂ ರೊಟ್ಟಿ ಮಾರುವವರಾಗಬೇಕೆಂದು ಆ ತಾಯಿ ಕೇಳುವುದಿಲ್ಲ. ರೊಟ್ಟಿಗೆ ತಿನ್ನುವವನೊಬ್ಬನಿದ್ದಾನೆ; ಹಣ ಬರುವುದು ಅವನ ಹಸಿವಿನಿಂದ. ಇದು ವ್ಯಾಪಾರ. ನಮ್ಮ ಪುಡಿಯ ಡಬ್ಬಿಗಳ ಕಥೆ ನೋಡಿರಿ: ಸದಸ್ಯನಲ್ಲದ ಒಬ್ಬನೇ ಒಬ್ಬನೂ ಆ ಡಬ್ಬಿಯನ್ನು ಕೊಂಡಿರಲಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಅವು ಬಹುಕಾಲ ಇದ್ದವು. ನಮಗೆ ಬಂದ 4,500 ರೂಪಾಯಿ ಪುಡಿಯ ಲಾಭವಲ್ಲ. ಅದು ಕಾಕಾ ಮತ್ತು ಇನ್ನಿಬ್ಬರು ಕೊಟ್ಟ ಹಣದ ಒಂದು ತುಣುಕು.

"ಹಾಗಾದರೆ ನಮ್ಮ ಹೆಣ್ಣುಮಕ್ಕಳ ಭಿಶಿಯೂ ಹಾಗೆಯೇ ಅಲ್ಲವೆ?" ಎಂದು ತಾವು ಕೇಳಬಹುದು. ಅಲ್ಲ. ಇಪ್ಪತ್ತು ಮಂದಿ ತಿಂಗಳಿಗೆ ಸಾವಿರದಂತೆ ಇಪ್ಪತ್ತು ತಿಂಗಳು ಹಾಕುತ್ತಾರೆ; ಅದೇ ಇಪ್ಪತ್ತು ಮಂದಿ ಸರದಿಯಂತೆ ಎತ್ತುತ್ತಾರೆ. ಹೊಸಬರು ಬಾರದಿದ್ದರೂ ಭಿಶಿ ಮುಗಿಯುತ್ತದೆ. ಅದರಲ್ಲಿಯೂ ಎತ್ತಿದವನು ಓಡಿಹೋಗುವ ಭಯವುಂಟು. ಅದು ಬೇರೆ ಮಾತು. ವ್ಯಾಪಾರವಾಗಿ ನಡೆಸುವ ಚೀಟಿಗೆ 1982ರ ಚಿಟ್ ಫಂಡ್ ಕಾಯಿದೆಯೇ ಇದೆ. ಸರಪಳಿಯಾದರೋ ಹೊಸಬರು ನಿಂತ ದಿನವೇ ಸಾಯುತ್ತದೆ.

ಹೊಸಬರು ಏಕೆ ನಿಲ್ಲಬೇಕು? ಇದಕ್ಕೆ ಕಾಗದ, ಪೆನ್ಸಿಲು ಸಾಕು. ಒಬ್ಬನು ಆರು ಮಂದಿಯನ್ನು, ಆ ಆರು ಮಂದಿ ತಲಾ ಆರನ್ನು ಸೇರಿಸಿದರೆ ಎರಡನೆಯ ಮೆಟ್ಟಿಲಿನಲ್ಲಿ 36, ಮೂರನೆಯದರಲ್ಲಿ 216, ನಾಲ್ಕನೆಯದರಲ್ಲಿ 1,296. ಇಲ್ಲಿಯವರೆಗೆ ಸುಲಭವೆಂದು ತೋರುತ್ತದೆ. ಎಂಟನೆಯ ಮೆಟ್ಟಿಲಿನಲ್ಲಿ 16,79,616. 2011ರ ಜನಗಣತಿಯಲ್ಲಿ ನಮ್ಮ ಪಿಂಪ್ರಿ-ಚಿಂಚವಡ ಮಹಾನಗರದ ಜನಸಂಖ್ಯೆ ಸುಮಾರು 17 ಲಕ್ಷ 27 ಸಾವಿರ. ತೊಟ್ಟಿಲ ಕೂಸಿನವರೆಗೆ ಎಲ್ಲರೂ ಸೇರಿದಂತಾಯಿತು. ಹತ್ತನೆಯ ಮೆಟ್ಟಿಲಿನಲ್ಲಿ 6,04,66,176. ಅದೇ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ 6,10,95,297. ಹದಿಮೂರನೆಯ ಮೆಟ್ಟಿಲಿನಲ್ಲಿ 1,306 ಕೋಟಿ. ಇಡೀ ಭೂಮಂಡಲದಲ್ಲಿರುವವರು 800 ಕೋಟಿಗಿಂತ ತುಸು ಹೆಚ್ಚು. ಮಿಕ್ಕವರನ್ನು ಎಲ್ಲಿಂದ ತರುವುದು?

ಇದರಲ್ಲಿ ಇನ್ನೂ ಒಂದು ಕಹಿ ಸತ್ಯವಿದೆ. ಸರಪಳಿ ಹತ್ತನೆಯ ಮೆಟ್ಟಿಲಿನವರೆಗೆ ಹೋಗಬೇಕಾಗಿಲ್ಲ. ಅದು ಮೂರನೆಯದರಲ್ಲಿ ನಿಲ್ಲಲಿ, ಏಳನೆಯದರಲ್ಲಿ ನಿಲ್ಲಲಿ, ಒಟ್ಟು ಸೇರಿದವರಲ್ಲಿ ಆರಕ್ಕೆ ಐದು ಮಂದಿ ಕೊನೆಯ ಮೆಟ್ಟಿಲಿನಲ್ಲಿಯೇ ಇರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ; ಅವರಿಗೆ ಬಿಡಿಗಾಸೂ ಇಲ್ಲ. "ದುಡಿದವನಿಗೆ ಸಿಕ್ಕೀತು, ಸೋಮಾರಿಗೆ ಸಿಗಲಿಕ್ಕಿಲ್ಲ" ಎಂದು ಸಭೆಗಳಲ್ಲಿ ಹೇಳುತ್ತಾರೆ. ಆ ಐದು ಮಂದಿ ಸೋಮಾರಿಗಳಲ್ಲ. ಲೆಕ್ಕವೇ ಅವರನ್ನು ಅಲ್ಲಿ ಕೂರಿಸಿದೆ.

ಇದು ನಮ್ಮ ಕಾಲದ ಹೊಸ ವಿದ್ಯೆಯೂ ಅಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತನು 45 ದಿನಗಳಲ್ಲಿ ಶೇಕಡಾ 50ರ ಲಾಭವೆಂದು ಜನರಿಂದ ಹಣ ಎತ್ತಿ, ಹಿಂದಿನವರಿಗೆ ಮುಂದಿನವರ ಹಣವನ್ನೇ ಕೊಡುತ್ತ ಹೋಗಿ ಸೆರೆಮನೆ ಸೇರಿದನು. ನೂರು ವರ್ಷಗಳಲ್ಲಿ ಬದಲಾದದ್ದು ವೇಷ ಮಾತ್ರ. 2011ರಲ್ಲಿ ಕುಸಿದುಬಿದ್ದ ಸ್ಪೀಕ್ ಏಷ್ಯಾ ತಮಗೆ ನೆನಪಿರಬಹುದು: ಸಿಂಗಪುರದ ಹೆಸರು, 11,000 ರೂಪಾಯಿ ವಂತಿಗೆ, ಇಂಟರ್‌ನೆಟ್ಟಿನಲ್ಲಿ ಪ್ರಶ್ನಾವಳಿ ತುಂಬಿದರೆ ಹಣ, ಹೊಸಬರನ್ನು ತಂದರೆ ಇನ್ನಷ್ಟು ಹಣ. ದೇಶದಾದ್ಯಂತ ಲಕ್ಷಾಂತರ ಮಂದಿ ಅದರಲ್ಲಿ ಸಿಕ್ಕಿಕೊಂಡರು.

ನಮ್ಮ ಪುಣೆಯದೇ ಉದಾಹರಣೆ ಬೇಕೆಂದರೆ ಗೇನ್‌ಬಿಟ್‌ಕಾಯಿನ್ ಇದೆ. ಬಿಟ್‌ಕಾಯಿನ್ ಕೊಟ್ಟರೆ ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಹಿಂದಿರುಗಿಸುತ್ತೇವೆ, ಜನರನ್ನು ತಂದವರಿಗೆ ಬೇರೆ ಪಾಲು ಎಂಬುದು ಅದರ ವಾಗ್ದಾನ. ಕೆಲಕಾಲದ ಮೇಲೆ ಬಿಟ್‌ಕಾಯಿನಿನ ಬದಲು ತಮ್ಮದೇ ಒಂದು ನಾಣ್ಯವನ್ನು ಕೊಡತೊಡಗಿದರು. ಪೇಟೆಯಲ್ಲಿ ಅದಕ್ಕೆ ಬೆಲೆ ನಿಲ್ಲಲಿಲ್ಲ. ದತ್ತವಾಡಿ ಮತ್ತು ನಮ್ಮ ನೆರೆಯ ನಿಗಡಿ ಪೊಲೀಸ್ ಠಾಣೆಗಳಲ್ಲಿ ದೂರು ದಾಖಲಾಗಿ, 2018ರ ಏಪ್ರಿಲ್‌ನಲ್ಲಿ ಅದರ ಮುಖ್ಯ ಆರೋಪಿ ಅಮಿತ್ ಭಾರದ್ವಾಜ್ ಅವರನ್ನು ಪುಣೆಯ ಪೊಲೀಸರು ಬಂಧಿಸಿದರು. 2022ರ ಜನವರಿಯಲ್ಲಿ ಅವರು ತೀರಿಕೊಂಡರು. ಮೊಕದ್ದಮೆಗಳು ಆಮೇಲೆ ಸಿ.ಬಿ.ಐ.ಗೆ ಹೋದವು, 2025ರ ಫೆಬ್ರುವರಿಯಲ್ಲಿಯೂ ಸಿ.ಬಿ.ಐ.ಯವರು ದೇಶದ ಹಲವೆಡೆ ಶೋಧ ನಡೆಸುತ್ತಿದ್ದರು. ದೂರು ಕೊಟ್ಟು ಏಳು ವರ್ಷಗಳಾದ ಮೇಲೆಯೂ ತನಿಖೆ! ಹಣ ಹೋಗುವುದು ಒಂದು ನಿಮಿಷದಲ್ಲಿ, ಬರುವ ದಾರಿ ಎಷ್ಟು ಉದ್ದವೆಂಬುದನ್ನು ಇದರಿಂದ ತಿಳಿಯಬಹುದು.

ತಿಂಗಳಿಗೆ ಶೇಕಡಾ ಹತ್ತು ಎಂದಾಗ ಬ್ಯಾಂಕಿನವರು ಏಕೆ ಹುಬ್ಬೇರಿಸುತ್ತಾರೆ? ಮುದ್ದತಿನ ಠೇವಣಿಗೆ ಬ್ಯಾಂಕು ಕೊಡುವುದು ವರ್ಷಕ್ಕೆ ಶೇಕಡಾ ಆರೋ ಏಳೋ. ತಿಂಗಳಿಗೆ ಹತ್ತರಂತೆ ಬಡ್ಡಿಗೆ ಬಡ್ಡಿ ಕೂಡುತ್ತ ಹೋದರೆ ಒಂದು ಲಕ್ಷ ರೂಪಾಯಿ ಐದು ವರ್ಷಗಳಲ್ಲಿ ಮೂರು ಕೋಟಿ ಮೀರುತ್ತದೆ. ಅಂಥ ವಿದ್ಯೆ ಬಲ್ಲವನು ಒಂದು ಲಕ್ಷ ಸಾಲ ಮಾಡಿ ತಾನೇ ಮನೆಯಲ್ಲಿ ಕುಳಿತಿರುತ್ತಿದ್ದನು. ಭೋಸರಿಯ ಲೇಥ್ ಕೆಲಸಗಾರನ ಹತ್ತು ಸಾವಿರಕ್ಕೆ ಏಕೆ ಅಲೆಯುತ್ತಿದ್ದನು?

ಹೀಗೆಂದ ಮಾತ್ರಕ್ಕೆ ಮನೆಮನೆಗೆ ಹೋಗಿ ವಸ್ತು ಮಾರುವವರೆಲ್ಲ ವಂಚಕರೆಂದು ನಾವು ಹೇಳುವುದಿಲ್ಲ. ನೇರ ಮಾರಾಟವೆಂಬ ನ್ಯಾಯವಾದ ವ್ಯಾಪಾರವೂ ಉಂಟು. ಸರಕಾರ ಅದಕ್ಕೆ 2021ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ ನಿಯಮಗಳನ್ನೇ ಮಾಡಿದೆ. ಆದುದರಿಂದ ಯಾರಾದರೂ ಬಂದು ಕರೆದಾಗ ಜಗಳವಾಡಬೇಡಿರಿ. ಐದು ಪ್ರಶ್ನೆ ಕೇಳಿರಿ.

ಒಂದನೆಯದು: ಸೇರುವುದಕ್ಕೇ ಹಣವೇ? ಪ್ರವೇಶಧನ ಕೇಳಬಾರದು, ಮಾರಲಾರದಷ್ಟು ಸರಕನ್ನು ತಲೆಗೆ ಕಟ್ಟಬಾರದು, ಮಾರದೆ ಉಳಿದದ್ದನ್ನು ಹಿಂದಕ್ಕೆ ಕೊಳ್ಳಬೇಕು ಎಂದು 2016ರ ಸೆಪ್ಟೆಂಬರಿನಲ್ಲಿಯೇ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿತು. "ಇದು ಶುಲ್ಕವಲ್ಲ, ಕಟ್ಟಿನ ಬೆಲೆ" ಎಂದರೆ ಮೋಸಹೋಗಬೇಡಿರಿ. ನಮ್ಮ 12,500 ಕೂಡ ಕಟ್ಟಿನ ಬೆಲೆಯೇ ಆಗಿತ್ತು.

ಎರಡನೆಯದು: ಸದಸ್ಯನಲ್ಲದವನು ಈ ವಸ್ತುವನ್ನು ಈ ಬೆಲೆಗೆ ಕೊಳ್ಳುವನೇ? ರೊಟ್ಟಿಗೆ ತಿನ್ನುವವನಿದ್ದಾನೆಯೇ? ಅಂಥದೇ ವಸ್ತು ಪಿ.ಎಂ.ಟಿ. ಚೌಕದ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆಂದು ವಿಚಾರಿಸಿ ಬನ್ನಿರಿ.

ಮೂರನೆಯದು: ಗಳಿಕೆ ಮಾರಿದ್ದಕ್ಕೋ, ಮಂದಿಯನ್ನು ಸೇರಿಸಿದ್ದಕ್ಕೋ? ಸೇರಿಸಿದ್ದಕ್ಕೆ ಎಂದರೆ ಎದ್ದು ಬನ್ನಿರಿ. 2021ರ ನಿಯಮಗಳು ಪಿರಮಿಡ್ ಯೋಜನೆಯನ್ನೂ ಹಣ ಚಲಾವಣೆಯ ಯೋಜನೆಯನ್ನೂ ಸ್ಪಷ್ಟವಾಗಿ ನಿಷೇಧಿಸಿವೆ.

ನಾಲ್ಕನೆಯದು: ಯಾವ ಕಾಗದ ತೋರಿಸುತ್ತಾರೆ? ಜಿ.ಎಸ್.ಟಿ. ನಂಬರು, ಪ್ಯಾನ್ ಕಾರ್ಡು, ಕಂಪನಿಯ ನೋಂದಣಿ ಪತ್ರ ಇವನ್ನು ಬಣ್ಣದಲ್ಲಿ ಅಚ್ಚು ಮಾಡಿಸಿ ತೋರಿಸುತ್ತಾರೆ. ಕೌಂಟರಿನ ಹಿಂದೆ ಕುಳಿತವರಾಗಿ ಹೇಳುತ್ತೇವೆ, ಇವು ಕಂಪನಿ ಹುಟ್ಟಿದೆ, ತೆರಿಗೆಯ ಪಟ್ಟಿಯಲ್ಲಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಪ್ರಾಮಾಣಿಕತೆಗೆ ಸಾಕ್ಷಿಯಲ್ಲ, ಠೇವಣಿ ಎತ್ತುವುದಕ್ಕೆ ಪರವಾನಗಿಯೂ ಅಲ್ಲ. ಠೇವಣಿ ಎತ್ತಲು ಅಧಿಕಾರವಿದೆಯೇ ಎಂಬುದನ್ನು ನೋಡಲು ರಿಸರ್ವ್ ಬ್ಯಾಂಕು 2016ರಲ್ಲಿ ಸಚೇತ್ ಎಂಬ ತಾಣವನ್ನು ತೆರೆದಿದೆ. ಅಲ್ಲಿಯೇ ದೂರನ್ನೂ ಕೊಡಬಹುದು. ನೇರ ಮಾರಾಟದ ಕಂಪನಿಗೆ ಭಾರತದಲ್ಲಿ ಕಚೇರಿ ಇರಬೇಕು, ಕುಂದುಕೊರತೆ ಕೇಳುವ ಅಧಿಕಾರಿ ಇರಬೇಕು, ಮಾರುವವನೊಡನೆ ಲಿಖಿತ ಕರಾರು ಇರಬೇಕು, ಅವನ ಕೈಯಲ್ಲಿ ಗುರುತಿನ ಚೀಟಿ ಇರಬೇಕು.

ಐದನೆಯದು: ಹಣ ಯಾರ ಖಾತೆಗೆ? ಇದು ನಮ್ಮ ಕಸುಬಿನ ಪ್ರಶ್ನೆ. ಕಂಪನಿಯ ಹೆಸರು ಒಂದು, ಯು.ಪಿ.ಐ.ಯಲ್ಲಿ ಕಾಣುವ ಹೆಸರು ಯಾವನೋ ಒಬ್ಬ ವ್ಯಕ್ತಿಯದು, ಮುಂದಿನ ವಾರ ಮತ್ತೊಬ್ಬನದು. ಹಾಗಿದ್ದರೆ ಅದು ಬಾಡಿಗೆಗೆ ಪಡೆದ ಖಾತೆ ಎಂದು ತಿಳಿಯಿರಿ. ಈಚೆಗೆ ಟೆಲಿಗ್ರಾಮಿನಲ್ಲಿ ಹೋಟೆಲಿಗೆ, ವೀಡಿಯೋಗಳಿಗೆ ಮೆಚ್ಚುಗೆ ಒತ್ತಿದರೆ ಹಣವೆಂಬ ಆಟ ನಡೆದಿದೆ. ಮೊದಲು ನೂರೈವತ್ತು ರೂಪಾಯಿ ಅವರೇ ಕೊಡುತ್ತಾರೆ. ಆಮೇಲೆ ಐದು ಸಾವಿರ ಕಟ್ಟಿಸಿಕೊಳ್ಳುತ್ತಾರೆ. ಹಿಂದಕ್ಕೆ ಕೇಳಿದರೆ "ತೆರಿಗೆಗೆ ಇನ್ನೂ ಕಟ್ಟಿರಿ" ಎನ್ನುತ್ತಾರೆ. ಮೊದಲು ಬಂದ ಹಣ ಗಳಿಕೆಯಲ್ಲ, ಗಾಳಕ್ಕೆ ಸಿಕ್ಕಿಸಿದ ಹುಳು.

ಇನ್ನು ಕಾನೂನಿನ ಒಂದು ಮಾತು. ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆ 1978ರಿಂದಲೂ ಇದೆ. ಅದರ ಮೂರನೆಯ ಕಲಮು ಇಂಥ ಯೋಜನೆಯನ್ನು ನಡೆಸುವುದನ್ನು ಮಾತ್ರವಲ್ಲ, ಅದಕ್ಕೆ ಸದಸ್ಯನಾಗುವುದನ್ನೂ, ಅದರ ಸಲುವಾಗಿ ಹಣ ಪಡೆಯುವುದನ್ನೂ ಕಳುಹಿಸುವುದನ್ನೂ ನಿಷೇಧಿಸುತ್ತದೆ. ನಾಲ್ಕನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಕಾಕಾ ಅವರನ್ನು ಸೇರಿಸಿದ ದಿನ ಈ ಕಾಯಿದೆಯ ಹೆಸರನ್ನೂ ನಾವು ಕೇಳಿರಲಿಲ್ಲ. ಬಿ.ಕಾಂ. ಓದಿದ್ದೆವು, ಬ್ಯಾಂಕಿನಲ್ಲಿದ್ದೆವು, ಆದರೂ ಕೇಳಿರಲಿಲ್ಲ.

ಈಗಾಗಲೇ ಸಿಕ್ಕಿಬಿದ್ದವರು ನಾಚಿಕೆಯಿಂದ ಸುಮ್ಮನಿರಬಾರದು. ಇಂಟರ್‌ನೆಟ್ಟಿನ ಮೂಲಕ ಹಣ ಹೋಗಿದ್ದರೆ ಆ ಗಳಿಗೆಯೇ 1930ಕ್ಕೆ ಫೋನು ಮಾಡಿರಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. ನಿಮ್ಮ ಬ್ಯಾಂಕಿಗೆ ತಿಳಿಸಿರಿ. ಗ್ರಾಹಕರ ದೂರಿಗೆ 1915 ಇದೆ. ಭೋಸರಿಯವರು ಇಲ್ಲಿಯ ಠಾಣೆಗೆ ಹೋಗಬಹುದು. 2018ರಿಂದ ಪಿಂಪ್ರಿ-ಚಿಂಚವಡಕ್ಕೆ ಬೇರೆಯೇ ಪೊಲೀಸ್ ಕಮಿಷನರೇಟ್ ಆಗಿದೆ. ಸಂದೇಶಗಳನ್ನೂ ರಸೀದಿಗಳನ್ನೂ ಅಳಿಸಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹೋದ ಹಣವನ್ನು ತುಂಬಿಕೊಳ್ಳಲು ಇನ್ನೊಬ್ಬನನ್ನು ಸೇರಿಸಬೇಡಿರಿ. ಮೋಸಹೋದವನು ಮೋಸಗಾರನಾಗುವುದು ಆ ಒಂದು ಹೆಜ್ಜೆಯಲ್ಲಿ.

ಕೊನೆಯದಾಗಿ ಸಂಘಕ್ಕೆ ಮೂರು ಬಿನ್ನಹ. ಸಂಘದ ಸದಸ್ಯರ ಪಟ್ಟಿಯನ್ನೂ ಫೋನ್ ನಂಬರುಗಳನ್ನೂ ಯಾವ ಯೋಜನೆಯವರಿಗೂ ಕೊಡಬಾರದು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಇಂಥ ಕರೆಗಳಿಗೆ ಎಡೆ ಇರಬಾರದು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದು ತಾಸು, ಬ್ಯಾಂಕಿನ ಅಥವಾ ಕಾಯಿದೆಯ ಕೆಲಸ ಬಲ್ಲ ಇಬ್ಬರು ಸಂಘದ ಕೋಣೆಯಲ್ಲಿ ಕುಳಿತುಕೊಳ್ಳಲಿ. ಹಣ ಕಟ್ಟುವ ಮೊದಲು ಯಾರಾದರೂ ಕಾಗದ ತಂದು ತೋರಿಸಲಿ. ಅವರಲ್ಲಿ ಒಬ್ಬರಾಗಿ ಕೂರಲು ನಾವು ಸಿದ್ಧರಿದ್ದೇವೆ. ಮೂರನೆಯದಾಗಿ, ಅವಸರಪಡಿಸುವವನಿಗೆ, "ಮನೆಯಲ್ಲಿ ಹೇಳಬೇಡ" ಎನ್ನುವವನಿಗೆ, ಅವನು ನಮ್ಮವನೇ ಆಗಿದ್ದರೂ, "ಭಾನುವಾರ ಬಾ" ಎನ್ನುವ ರೂಢಿ ಬೆಳೆಯಲಿ. ನ್ಯಾಯವಾದ ವ್ಯಾಪಾರ ಭಾನುವಾರದವರೆಗೆ ಕಾಯುತ್ತದೆ.

ಈ ಭಾಷಣವನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದಾಗಿ ಕಾರ್ಯದರ್ಶಿಗಳು ಹೇಳಿದ್ದಾರೆ. ಒಂದು ಪ್ರತಿಯನ್ನು ಕಾಕಾ ಅವರ ಮನೆಗೆ ನಾವೇ ಒಯ್ದು ಕೊಡಬೇಕೆಂದಿದ್ದೇವೆ.